ಅರಸರ ಒಡವೆಗಳನ್ನು ನೋಡುವ ಬಗೆ

ಯಾವುದೋ ದೂರದ ನಗರದಲ್ಲಿ ಹಳೆಯ ರಾಜಮನೆತನದ ತಲೆಯೊಡವೆಯೊಂದು ಇಷ್ಟು ಲಕ್ಷ ಡಾಲರಿಗೆ ಹರಾಜಾಯಿತೆಂಬ ಸುದ್ದಿಯನ್ನು ನೀವು ಬಾನುಲಿಯಲ್ಲಿ ಕೇಳಿರುತ್ತೀರಿ, ಪತ್ರಿಕೆಯಲ್ಲಿ ಓದಿರುತ್ತೀರಿ. ಸಂಖ್ಯೆಯನ್ನು ಕೇಳಿ ಬೆರಗಾಗುತ್ತೇವೆ, ಮರುಗಳಿಗೆಯಲ್ಲಿ ಮರೆಯುತ್ತೇವೆ. ಆ ಒಡವೆ ಯಾರ ಹಣೆಯ ಮೇಲಿತ್ತು, ಯಾವ ಹಕ್ಕಿನಿಂದ ಅಲ್ಲಿ ಕುಳಿತಿತ್ತು, ಅಲ್ಲಿಂದ ಹೇಗೆ ಇಳಿಯಿತು ಎಂದು ಕೇಳುವವರು ವಿರಳ. ಭೀಮೆ ಕೃಷ್ಣೆಯರ ನಡುವಿನ ನಮ್ಮ ಸೀಮೆಯವರಾದರೂ ಈ ಪ್ರಶ್ನೆಯನ್ನು ಕೇಳಬೇಕು. ಏಕೆಂದರೆ ದಕ್ಷಿಣ ದೇಶದ ಅತಿ ದೊಡ್ಡ ಒಡವೆಯ ಭಂಡಾರವೊಂದು ಕೈಬದಲಾದುದು ನಮ್ಮ ಯಂಕಂಚಿಯಂಥ ಊರುಗಳಿಗೆ ದೂರವಲ್ಲದ ಕೃಷ್ಣೆಯ ದಂಡೆಯಲ್ಲಿಯೇ.

ಮೊದಲು ಹೆಸರಿನ ವಿಚಾರ. ಪಶ್ಚಿಮದವರು ಟಿಯಾರಾ ಎಂದೂ ಡಯಾಡೆಮ್ ಎಂದೂ ಕರೆಯುವ ಒಡವೆಯು ಶಿಖರವೆತ್ತಿದ ಕಿರೀಟವಲ್ಲ. ಹಣೆಯ ಮೇಲ್ಗಡೆ ಪಟ್ಟಿಯಂತೆ ಕೂಡುವ ಆಭರಣ. ಡಯಾಡೆಮ್ ಎಂಬ ಗ್ರೀಕ್ ಮಾತಿನ ಮೂಲಾರ್ಥವೇ ಸುತ್ತ ಕಟ್ಟಿದ್ದು ಎಂದು. ಗ್ರೀಕ್ ಅರಸರ ಕಾಲದಲ್ಲಿ ಅದು ಬರಿಯ ಬಟ್ಟೆಯ ಪಟ್ಟಿಯಾಗಿತ್ತು. ನಮ್ಮಲ್ಲಿಯೂ ಇದಕ್ಕೆ ಸರಿಸಮನಾದ ವಸ್ತುವುಂಟು, ಮಾತೂ ಉಂಟು. ಅದೇ ಪಟ್ಟ. ಇಂದು ನಾವು ಪಟ್ಟವೆಂದರೆ ಅಧಿಕಾರ ಎನ್ನುತ್ತೇವೆ. ಪಟ್ಟಕ್ಕೆ ಬಂದ, ಪಟ್ಟವೇರಿದ, ಪಟ್ಟದರಸಿ, ಪಟ್ಟದಾನೆ ಎನ್ನುತ್ತೇವೆ. ಆದರೆ ಪಟ್ಟವೆಂಬುದು ಮೊದಲು ಕೈಯಿಂದ ಮುಟ್ಟಬಹುದಾದ ಒಂದು ಒಡವೆ. ಹಣೆಗೆ ಕಟ್ಟುವ ಬಂಗಾರದ ತಗಡು. ಅದನ್ನು ಕಟ್ಟುವುದೇ ಪಟ್ಟಬಂಧ. ಕನ್ನಡ ಶಾಸನಗಳಲ್ಲಿ ಅರಸನಿಗೆ ಪಟ್ಟವನ್ನು ಕಟ್ಟಿದರು ಎಂಬ ಮಾತು ಮತ್ತೆ ಮತ್ತೆ ಬರುವುದು ಈ ಕಾರಣದಿಂದಲೇ.

ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಪಟ್ಟದ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಪಟ್ಟವು ಶುದ್ಧ ಚಿನ್ನದ್ದಾಗಿರಬೇಕು. ಅರಸನ ಪಟ್ಟ ನಡುವಿನಲ್ಲಿ ೮ ಅಂಗುಲ ಅಗಲ, ರಾಣಿಯದು ೭, ಯುವರಾಜನದು ೬, ಸೇನಾಪತಿಯದು ೪, ಅರಸನು ಮೆಚ್ಚಿ ಕೊಡುವ ಪ್ರಸಾದಪಟ್ಟ ೨ ಅಂಗುಲ. ಅರಸನ ಪಟ್ಟಕ್ಕೆ ಐದು ಶಿಖೆಗಳು, ರಾಣಿಗೂ ಯುವರಾಜನಿಗೂ ಮೂರು, ಸೇನಾಪತಿಗೆ ಒಂದು. ಪ್ರಸಾದಪಟ್ಟಕ್ಕೆ ಶಿಖೆಯೇ ಇಲ್ಲ. ನೋಡಿರಿ, ಎಷ್ಟು ಖಚಿತವಾದ ಲೆಕ್ಕ! ಸಭೆಯಲ್ಲಿ ದೂರದಲ್ಲಿ ನಿಂತವನು ಕೂಡ ಹಣೆಯನ್ನು ನೋಡಿ ಇವನು ಇಂಥವನು ಎಂದು ಗುರುತಿಸಬಹುದಾಗಿತ್ತು. ಒಡವೆ ಅಲ್ಲಿ ಅಲಂಕಾರಕ್ಕಿಂತ ಹೆಚ್ಚಾಗಿ ಒಂದು ಬರಹದ ಕೆಲಸವನ್ನು ಮಾಡುತ್ತಿತ್ತು.

ಈ ಗೌರವ ಅರಸು ಮಕ್ಕಳಿಗೆ ಮಾತ್ರ ಮೀಸಲಾಗಿರಲಿಲ್ಲ. ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲೊಂದಿದೆ. ನಾಗತ್ತರನೆಂಬವನು ತನ್ನ ಒಡೆಯ ಎರೆಯಪ್ಪನ ಪರವಾಗಿ ಹೋರಾಡಿ ಮಡಿದನು. ಅದನ್ನು ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೇಗೂರು ಹನ್ನೆರಡು ಹಳ್ಳಿಗಳನ್ನು ಕೊಟ್ಟನು. ಸತ್ತ ವೀರನ ಹೆಸರೇ ಪಟ್ಟದ ಹೆಸರಾಯಿತು. ರಾಷ್ಟ್ರಕೂಟರಲ್ಲಿ ಯುವರಾಜನ ಗುರುತು ಕಂಠಿಕೆ, ಅಂದರೆ ಕೊರಳಿನ ಒಡವೆ. ಧ್ರುವನು ತನ್ನ ಮಗ ಮೂರನೆಯ ಗೋವಿಂದನಿಗೆ ಅದನ್ನು ಕೊಟ್ಟುದು ಆ ಮನೆತನದ ತಾಮ್ರಪಟಗಳಿಂದ ತಿಳಿಯುತ್ತದೆ.

ಇದೆಲ್ಲ ಬಹಳ ಹಿಂದಿನ ಮಾತೆನ್ನಬೇಡಿ. ನಮ್ಮ ಮನೆಗಳಲ್ಲಿ ಮದುವೆಯ ದಿನ ವಧೂವರರ ಹಣೆಗೆ ಬಾಸಿಂಗವನ್ನು ಕಟ್ಟುತ್ತೇವೆ. ಅಂದು ಹೊಲದಲ್ಲಿ ದುಡಿಯುವವನ ಮಗನೂ ಅರಸನೇ. ಅವನ ಮುಂದೆ ವಾದ್ಯ, ಮೇಲೆ ಕೊಡೆ. ಕಾರಹುಣ್ಣಿಮೆಯಲ್ಲಿ ಎತ್ತಿನ ಹಣೆಗೂ ಬಾಸಿಂಗವೇರುತ್ತದೆ. ಹಣೆಗೆ ಕಟ್ಟಿ ಗೌರವಿಸುವ ಬುದ್ಧಿ ನಮ್ಮ ಜನದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಒಡವೆಯನ್ನು ಧರಿಸುವುದರ ಜೊತೆಗೆ ಅದನ್ನು ಪರೀಕ್ಷಿಸುವುದೂ ಅರಸರ ವಿದ್ಯೆಯಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಭಂಡಾರದ ಪ್ರಕರಣದಲ್ಲಿ ರತ್ನಗಳ ಗುಣದೋಷಗಳನ್ನು ಹೇಳಿದ್ದಾನೆ. ಭೋಗಗಳ ಪ್ರಕರಣದಲ್ಲಿ ಒಡವೆಗಳನ್ನು ತೊಡುವ ಬಗೆಯನ್ನು ಹೇಳಿದ್ದಾನೆ. ರತ್ನವು ಒಂದು ಕಡೆ ರಾಜ್ಯದ ಬಂಡವಾಳ, ಇನ್ನೊಂದು ಕಡೆ ಮೈಯ ಸೊಗಸು. ಈ ಎರಡು ಮುಖಗಳನ್ನು ಬೇರೆ ಬೇರೆ ಇಟ್ಟು ನೋಡಿದ್ದು ಆ ಅರಸನ ವಿವೇಕ. ಕೆಲವೇ ದಶಕಗಳ ಮೇಲೆ ಅದೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಕ್ಕೆ ಒಡೆಯನಾಗಿದ್ದವನು ನಮ್ಮ ಬಾಗೇವಾಡಿಯ ಬಸವಣ್ಣ ಎಂಬುದನ್ನು ನಿಮಗೆ ನೆನಪಿಸಬೇಕಾದ ಅಗತ್ಯವಿಲ್ಲ.

ಇನ್ನು ವಿಜಯನಗರಕ್ಕೆ ಬರೋಣ. ಅಲ್ಲಿಯ ಒಡವೆಗಳನ್ನು ಕಣ್ಣಾರೆ ಕಂಡ ಹೊರನಾಡಿನವರು ಬರೆದಿಟ್ಟಿದ್ದಾರೆ. ಹಿರಾತಿನ ಶಾರುಖ್ ದೊರೆಯ ರಾಯಭಾರಿ ಅಬ್ದುಲ್ ರಜಾಕನು ೧೪೪೩ರಲ್ಲಿ ಇಮ್ಮಡಿ ದೇವರಾಯನನ್ನು ಕಂಡಾಗ, ಅರಸನ ಕೊರಳಲ್ಲಿದ್ದ ಮುತ್ತಿನ ಹಾರಕ್ಕೆ ಬೆಲೆ ಕಟ್ಟುವುದು ರತ್ನಪಡಿಗನಿಗೂ ಕಷ್ಟವೆಂದು ಅವನಿಗೆ ತೋರಿತು. ಪೇಟೆಯಲ್ಲಿ ರತ್ನವ್ಯಾಪಾರಿಗಳು ಮುತ್ತು, ಮಾಣಿಕ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಸುಮಾರು ೧೫೨೦ರಲ್ಲಿ ಬಂದ ಪೋರ್ತುಗೀಸರ ಡೊಮಿಂಗೊ ಪಾಯಸನು ಕೃಷ್ಣದೇವರಾಯನನ್ನು ಬಂಗಾರದ ಹೂಗಳನ್ನು ನೆಯ್ದ ಬಿಳಿಯ ಉಡುಪಿನಲ್ಲಿ, ಕೊರಳಲ್ಲಿ ವಜ್ರದ ಪದಕದೊಡನೆ, ತಲೆಯ ಮೇಲೆ ಜರಿಯ ಟೊಪ್ಪಿಗೆಯೊಡನೆ ಕಂಡನು. ಮಹಾನವಮಿಯ ಮೆರವಣಿಗೆಯಲ್ಲಿ ಅಂತಃಪುರದ ಹೆಂಗಳೆಯರು ಮೈಮೇಲಿನ ಬಂಗಾರದ ಭಾರವನ್ನು ತಾಳಲಾರದೆ, ಪಕ್ಕದವರು ತೋಳು ಹಿಡಿದು ನಡೆಸುತ್ತಿದ್ದರೆಂದೂ ಬರೆದಿದ್ದಾನೆ. ಅವರ ತಲೆಯ ಮೇಲಿನ ಎತ್ತರದ ಟೊಪ್ಪಿಗೆಗಳಿಗೆ ದೊಡ್ಡ ಮುತ್ತುಗಳಿಂದ ಮಾಡಿದ ಹೂಗಳಿದ್ದವು. ಆ ಟೊಪ್ಪಿಗೆಗೆ ಅವನು ಕೊಟ್ಟಿರುವ ಹೆಸರು ನಮ್ಮ ಕುಲಾಯಿ ಅಥವಾ ಕುಲಾವಿ. ಇಂದಿಗೂ ಕೂಸಿನ ತಲೆಗೆ ತೊಡಿಸುವ ಕುಲಾವಿಯ ಹೆಸರು ಅಂದು ರಾಣಿವಾಸದ ಮುತ್ತಿನ ಟೊಪ್ಪಿಗೆಗೂ ಸಲ್ಲುತ್ತಿತ್ತು.

ಇದೇ ಕೃಷ್ಣದೇವರಾಯನು ೧೫೧೩ರ ಫೆಬ್ರವರಿಯಲ್ಲಿ ತಿರುಮಲೆಗೆ ಹೋದಾಗ ನವರತ್ನಖಚಿತವಾದ ಕಿರೀಟವನ್ನು ದೇವರಿಗೆ ಅರ್ಪಿಸಿದನೆಂದು ಅಲ್ಲಿಯ ಶಾಸನಗಳು ಹೇಳುತ್ತವೆ. ಅರಸನು ತನಗೆ ಇಟ್ಟುಕೊಂಡ ಒಡವೆ ಯಾವುದು, ದೇವರಿಗೆ ಕೊಟ್ಟ ಒಡವೆ ಯಾವುದು ಎಂಬ ಭೇದವನ್ನು ಇಲ್ಲಿ ಗಮನಿಸಿರಿ. ಮುಂದೆ ಇದು ಬೇಕಾಗುತ್ತದೆ.

೧೫೬೫ರ ಜನವರಿ ೨೩ರಂದು ನಡೆದ ಯುದ್ಧವನ್ನು ತಾಳಿಕೋಟೆಯ ಯುದ್ಧವೆಂದೂ ರಕ್ಕಸ-ತಂಗಡಿಯ ಯುದ್ಧವೆಂದೂ ಕರೆಯುತ್ತೇವೆ. ಮುದ್ದೇಬಿಹಾಳ ಸೀಮೆಯ ತಂಗಡಗಿ ಇಂದಿಗೂ ಕೃಷ್ಣೆಯ ದಂಡೆಯಲ್ಲಿದೆ. ಅಳಿಯ ರಾಮರಾಯನು ಅಂದು ಹತನಾದನು. ಅವನ ತಮ್ಮ ತಿರುಮಲನು ರಾಜಧಾನಿಗೆ ಓಡಿಬಂದು ೫೫೦ ಆನೆಗಳ ಮೇಲೆ ಚಿನ್ನ, ವಜ್ರ, ರತ್ನಗಳನ್ನೂ ರತ್ನದ ಸಿಂಹಾಸನವನ್ನೂ ಹೇರಿಕೊಂಡು ಪೆನುಗೊಂಡೆಯ ಕಡೆಗೆ ಸಾಗಿದನೆಂದು ರಾಬರ್ಟ್ ಸಿವೆಲ್ ೧೯೦೦ರಲ್ಲಿ ಪ್ರಕಟಿಸಿದ ತನ್ನ ವಿಜಯನಗರದ ಇತಿಹಾಸದಲ್ಲಿ ಹೇಳಿದ್ದಾನೆ. ಆನೆಗಳ ಲೆಕ್ಕ ಹೆಚ್ಚು ಕಡಿಮೆಯಿರಬಹುದು. ಭಂಡಾರ ಚದುರಿದ್ದು ಮಾತ್ರ ಸುಳ್ಳಲ್ಲ. ಗೋವೆಯಲ್ಲಿದ್ದ ಪೋರ್ತುಗೀಸ್ ಲೇಖಕ ಕೌಟೊ ಇನ್ನೊಂದು ಸಂಗತಿಯನ್ನು ಬರೆದಿದ್ದಾನೆ. ಅರಸನ ಕುದುರೆಯ ತಲೆಯ ತುರಾಯಿಯ ಬುಡದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ವಜ್ರವಿತ್ತು. ಅದು ವಿಜಾಪುರದ ಆದಿಲಶಾಹನ ಪಾಲಿಗೆ ಬಂತು ಎಂದು. ಯುದ್ಧಕ್ಕಿಂತ ಎರಡು ವರ್ಷ ಮೊದಲೇ, ೧೫೬೩ರಲ್ಲಿ, ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ಡ ಓರ್ಟಾನ ಗ್ರಂಥದಲ್ಲಿಯೂ ವಿಜಯನಗರದಲ್ಲಿ ಚಿಕ್ಕ ಕೋಳಿಮೊಟ್ಟೆಯಷ್ಟು ಗಾತ್ರದ ವಜ್ರವನ್ನು ಕಂಡವರ ಮಾತು ಬರುತ್ತದೆ. ಕುದುರೆಯ ನೆತ್ತಿಯಿಂದ ಗೆದ್ದವನ ಭಂಡಾರಕ್ಕೆ! ಪಟ್ಟ ಕಟ್ಟಿಸಿಕೊಂಡು ಪಡೆದ ಒಡವೆಗೂ ರಣದಲ್ಲಿ ಕಿತ್ತುಕೊಂಡ ಒಡವೆಗೂ ಹೊಳಪು ಒಂದೇ. ಅದು ಹೇಳುವ ಕಥೆ ಮಾತ್ರ ಬೇರೆ.

ವಿಜಾಪುರದವರಿಗೆ ವಜ್ರ ಲೂಟಿಯಿಂದ ಮಾತ್ರ ಬರುತ್ತಿರಲಿಲ್ಲ; ಅವರ ನೆಲದಲ್ಲಿಯೇ ಗಣಿಯಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ಟಾವೆರ್ನಿಯೆ ತಾನು ಮೊದಲು ನೋಡಿದ ಗಣಿ ವಿಜಾಪುರದ ಅರಸನ ಕರ್ನಾಟಕ ಪ್ರಾಂತದ್ದೆಂದು ಹೇಳಿದ್ದಾನೆ. ಅದು ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟ. ಅಲ್ಲಿ ಅವನು ಕಂಡ ನೋಟ ಸ್ವಾರಸ್ಯವಾಗಿದೆ. ಬೆಳಗಿನಲ್ಲಿ ಊರ ಚೌಕದ ಮರದ ಕೆಳಗೆ ವ್ಯಾಪಾರಿಗಳ ಮಕ್ಕಳು ಬಂದು ಕೂಡುತ್ತಿದ್ದರು. ವಯಸ್ಸು ಹತ್ತರಿಂದ ಹದಿನಾರು. ಒಂದು ಮಗ್ಗುಲಲ್ಲಿ ತೂಕದ ಕಲ್ಲುಗಳ ಚೀಲ, ಇನ್ನೊಂದು ಮಗ್ಗುಲಲ್ಲಿ ೫೦೦-೬೦೦ ಹೊನ್ನಿನ ಹಮ್ಮಿಣಿ. ಯಾರಾದರೂ ಹರಳು ತಂದರೆ ಅದನ್ನು ಹಿರಿಯ ಹುಡುಗನ ಕೈಗೆ ಕೊಡುವರು. ಅವನು ನೋಡಿ ಪಕ್ಕದವನಿಗೆ, ಅವನು ಮುಂದಿನವನಿಗೆ. ಹೀಗೆ ಒಂದು ಮಾತೂ ಇಲ್ಲದೆ ಹರಳು ಸುತ್ತು ತಿರುಗಿ ಮೊದಲಿನವನ ಕೈಗೆ ಬರುವುದು. ಆಮೇಲೆ ಅವನು ಬೆಲೆ ಕೇಳುವನು. ಸಂಜೆಗೆ ಕೊಂಡ ಹರಳುಗಳನ್ನೆಲ್ಲ ವಿಂಗಡಿಸಿ ದೊಡ್ಡ ವ್ಯಾಪಾರಿಗಳಿಗೆ ಮಾರಿ, ಬಂದ ಲಾಭವನ್ನು ಹಂಚಿಕೊಳ್ಳುವರು. ಹಿರಿಯನಿಗೆ ನೂರಕ್ಕೆ ಕಾಲು ಪಾಲು ಹೆಚ್ಚು.

ದೊಡ್ಡವರ ವ್ಯಾಪಾರ ಇನ್ನೂ ಗುಟ್ಟಿನದು. ಕೊಳ್ಳುವವನೂ ಮಾರುವವನೂ ಎದುರುಬದರು ಕುಳಿತು, ನಡುಪಟ್ಟಿಯ ಬಟ್ಟೆಯನ್ನು ಕೈಗಳ ಮೇಲೆ ಮುಚ್ಚಿ, ಬೆರಳು ಹಿಡಿದು ಬೆಲೆಯಾಡುವರು. ಇಡಿಯ ಅಂಗೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು, ನಡುಗೆಣ್ಣಿನವರೆಗೆ ಐವತ್ತು, ತುದಿಗೆ ಹತ್ತು. ಸುತ್ತ ಹತ್ತು ಜನ ಕುಳಿತಿದ್ದರೂ ಬೆಲೆ ಯಾರಿಗೂ ತಿಳಿಯದು. ಓದುಗರೇ, ಇದನ್ನು ತಿಳಿಯಲು ಟಾವೆರ್ನಿಯೆಯ ಗ್ರಂಥವೇ ಬೇಕೆಂದಿಲ್ಲ. ನಮ್ಮ ಕಡೆಯ ದನದ ಸಂತೆಗಳಲ್ಲಿ ವಲ್ಲಿ ಮುಚ್ಚಿ ಬೆರಳು ಹಿಡಿಯುವ ದಲಾಲರನ್ನು ನೀವು ನೋಡಿಯೇ ಇದ್ದೀರಿ. ವಜ್ರದ ಗಣಿಯ ಆ ಭಾಷೆ ಎತ್ತಿನ ವ್ಯಾಪಾರದಲ್ಲಿ ನಮಗೆ ಪರಿಚಿತವಾದದ್ದೇ.

ಇದಕ್ಕೆ ಎದುರಾಗಿ ಇಂದಿನ ಹರಾಜು ಕೋಣೆಯನ್ನು ಇಟ್ಟು ನೋಡಿರಿ. ೨೦೧೯ರ ಜೂನ್ ೧೯ರಂದು ನ್ಯೂಯಾರ್ಕಿನಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ಕತಾರಿನ ಅಲ್ ಥಾನಿ ಸಂಗ್ರಹದ ಸುಮಾರು ೪೦೦ ಭಾರತೀಯ ಒಡವೆ ವಸ್ತುಗಳನ್ನು ಹರಾಜು ಹಾಕಿದರು. ಒಟ್ಟು ಬಂದದ್ದು ಸುಮಾರು ೧೦ ಕೋಟಿ ೯೦ ಲಕ್ಷ ಡಾಲರ್. ಅದರಲ್ಲಿ ೫೨.೫೮ ಕ್ಯಾರೆಟ್ಟಿನ ಒಂದು ವಜ್ರವೇ ೬೫ ಲಕ್ಷ ಡಾಲರನ್ನು ಮೀರಿತು. ಅಲ್ಲಿ ಬೆಲೆ ಬಹಿರಂಗ. ಕೊಂಡವನ ಹೆಸರು ಬಹುಮಟ್ಟಿಗೆ ಗುಟ್ಟು. ರಾಮಳ್ಳಕೋಟದಲ್ಲಿ ಬೆಲೆ ಗುಟ್ಟು, ಮನುಷ್ಯರು ಎದುರೆದುರು. ಇನ್ನೊಂದು ಮಾತು. ದಕ್ಷಿಣದ ನೀರಿನಂಥ ವಜ್ರಗಳಿಗೆಲ್ಲ ಹರಾಜಿನವರು ಗೋಲ್ಕೊಂಡ ಎಂಬ ಒಂದೇ ಹೆಸರನ್ನು ಕೊಡುತ್ತಾರೆ. ರಾಮಳ್ಳಕೋಟವೂ ವಿಜಾಪುರವೂ ವಿಜಯನಗರವೂ ಆ ಒಂದು ಹೆಸರಿನ ಹಿಂದೆ ಮರೆಯಾಗುತ್ತವೆ. ಹರಳಿನ ಜೊತೆಗೆ ಊರಿನ ಹೆಸರನ್ನೂ ನಾವು ಕಳೆದುಕೊಂಡಂತಾಯಿತು.

ಕಳೆದುಕೊಳ್ಳುವುದರಲ್ಲಿಯೂ ಬಗೆಗಳುಂಟು. ಎಲ್ಲಕ್ಕಿಂತ ಕೆಟ್ಟದ್ದು ಒಡೆದು ಹಂಚುವುದು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪೂ ಸುಲ್ತಾನನ ಸಿಂಹಾಸನ ಇಂಗ್ಲಿಷರ ಕೈಗೆ ಸಿಕ್ಕಿತು. ಹುಲಿಯ ಬೆನ್ನ ಮೇಲೆ ಪೀಠ, ಚಿನ್ನದ ತಗಡಿನ ಹೊದಿಕೆ, ಕಟಾಂಜನದ ಸುತ್ತ ರತ್ನ ಕೂಡಿಸಿದ ಎಂಟು ಚಿಕ್ಕ ಹುಲಿದಲೆಗಳು, ಛತ್ರದ ಮೇಲೆ ಹುಮಾ ಪಕ್ಷಿ. ಸೈನಿಕರಿಗೆ ಲೂಟಿಯ ಪಾಲನ್ನು ಹಂಚುವ ಅಧಿಕಾರಿಗಳು ಅದನ್ನು ತುಂಡು ತುಂಡಾಗಿ ಒಡೆದರು. ಗವರ್ನರ್ ಜನರಲ್ ವೆಲ್ಲೆಸ್ಲಿಯೇ, ಇಡಿಯಾಗಿ ತನ್ನ ದೊರೆಗೆ ಕಳುಹಿಸಬಹುದಾಗಿದ್ದ ವಸ್ತುವನ್ನು ಹಾಳುಮಾಡಿದರಲ್ಲಾ ಎಂದು ಪೇಚಾಡಿದನು. ಹುಮಾ ಪಕ್ಷಿಯೂ ದೊಡ್ಡ ಹುಲಿಯ ತಲೆಯೂ ವಿಂಡ್ಸರ್ ಅರಮನೆ ಸೇರಿದವು. ಚಿಕ್ಕ ಹುಲಿದಲೆಯೊಂದು ಪೋವಿಸ್ ಕೋಟೆಯಲ್ಲಿದೆ. ಬೇರೆ ಎರಡು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ೨೦೦೯ರಲ್ಲಿ ೩,೮೯,೬೦೦ ಪೌಂಡಿಗೂ ೨೦೧೦ರಲ್ಲಿ ೪,೩೪,೪೦೦ ಪೌಂಡಿಗೂ ಹೋದವು. ಸಿಂಹಾಸನವನ್ನು ಇನ್ನು ಯಾರೂ ನೋಡಲಾರರು. ನೋಡಸಿಗುವುದು ಬಿಡಿ ತಲೆಗಳು ಮಾತ್ರ.

ಈ ತಪ್ಪು ಹೊರಗಿನಿಂದ ಬಂದು ಗೆದ್ದವರು ಮಾತ್ರ ಮಾಡುವಂಥದಲ್ಲ. ಫ್ರಾನ್ಸಿನ ಪ್ರಜಾರಾಜ್ಯವು ಅರಸೊತ್ತಿಗೆಯ ನೆನಪನ್ನೇ ಅಳಿಸಬೇಕೆಂದು ೧೮೮೭ರ ಮೇ ತಿಂಗಳಲ್ಲಿ ತನ್ನ ದೇಶದ ರಾಜಾಭರಣಗಳನ್ನು ಪ್ಯಾರಿಸಿನಲ್ಲಿ ಹರಾಜು ಹಾಕಿತು. ಜಗತ್ತಿನ ವ್ಯಾಪಾರಿಗಳು ಬಂದು ಕೊಂಡೊಯ್ದರು. ಎಷ್ಟೋ ಒಡವೆಗಳನ್ನು ಕಳಚಿ ಹೊಸ ಒಡವೆ ಮಾಡಿದರು. ನೂರು ವರ್ಷ ಕಳೆಯುವುದರಲ್ಲಿ ಅದೇ ದೇಶ ಒಂದೊಂದನ್ನೇ ಹುಡುಕಿ ಮರಳಿ ಕೊಳ್ಳಬೇಕಾಯಿತು. ಯೂಜೀನಿ ರಾಣಿಯ ಮುತ್ತಿನ ಟಿಯಾರಾ ಲೂವ್ರ್ ಸಂಗ್ರಹಾಲಯಕ್ಕೆ ಮರಳಿದ್ದು ೧೯೯೨ರಲ್ಲಿ. ೨೦೨೫ರ ಅಕ್ಟೋಬರ್ ೧೯ರಂದು ಹಗಲಿನಲ್ಲಿಯೇ ಕಳ್ಳರು ಅಲ್ಲಿಗೆ ನುಗ್ಗಿ ಕದ್ದೊಯ್ದ ಒಡವೆಗಳಲ್ಲಿ ಅದೂ ಒಂದು. ಮಾರುವುದು ಒಂದು ವಾರದ ಕೆಲಸ, ಮರಳಿ ಪಡೆಯುವುದು ಒಂದು ಶತಮಾನದ ಕೆಲಸ, ಕಾಯುವುದು ನಿತ್ಯದ ಕೆಲಸ.

ನಮ್ಮ ದೇಶದಲ್ಲಿ ಇದಕ್ಕಿಂತ ಹಿತವಾದ ಉದಾಹರಣೆಯೂ ಉಂಟು. ಹೈದರಾಬಾದಿನ ನಿಜಾಮರ ಒಡವೆಗಳನ್ನು ಅವರ ಟ್ರಸ್ಟಿನವರು ಮಾರಲು ಹೊರಟಾಗ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ ೧೯೯೫ರಲ್ಲಿ ಭಾರತ ಸರಕಾರವೇ ಸುಮಾರು ೨೧೮ ಕೋಟಿ ರೂಪಾಯಿಗೆ ೧೭೩ ಒಡವೆಗಳನ್ನು ಇಡಿಯಾಗಿ ಕೊಂಡಿತು. ೧೮೪.೭೫ ಕ್ಯಾರೆಟ್ಟಿನ ಜೇಕಬ್ ವಜ್ರವೂ ಅದರಲ್ಲಿದೆ. ರಿಸರ್ವ್ ಬ್ಯಾಂಕಿನ ಭದ್ರಕೋಣೆಯಿಂದ ತಂದು ೨೦೦೧ರಲ್ಲಿಯೂ ೨೦೧೯ರಲ್ಲಿಯೂ ದಿಲ್ಲಿಯಲ್ಲಿ ಅವುಗಳ ಪ್ರದರ್ಶನವನ್ನು ಏರ್ಪಡಿಸಿದರು. ಸಾಲುಗಟ್ಟಿ ನಿಂತ ಜನರು ಚೀಟಿ ಕೊಂಡು ಒಳಗೆ ಹೋಗಿ ನೋಡಿದರು. ಅವರಲ್ಲಿ ಎಷ್ಟು ಮಂದಿಗೆ ಹೊಳೆಯಿತೋ ಕಾಣೆ: ೧೯೪೮ರವರೆಗೆ ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳು ನಿಜಾಮರ ಸೀಮೆ. ಸಿಂದಗಿಯ ಮೂಡಣ ಗಡಿಯಾಚೆಯ ನಮ್ಮ ನೆಂಟರಿಷ್ಟರು ಕಟ್ಟಿದ ಕಂದಾಯವೂ ಆ ಭಂಡಾರದಲ್ಲಿ ಸೇರಿದೆ. ಆದುದರಿಂದ ಅದು ಮೂರು ಜಿಲ್ಲೆಗಳ ಕನ್ನಡ ರೈತನಿಗೂ ಸೇರಿದ ಒಡವೆ. ದಿಲ್ಲಿ, ಹೈದರಾಬಾದುಗಳಂತೆ ಕಲಬುರ್ಗಿಗೂ ಅದು ಒಮ್ಮೆ ಬರಲೆಂದು ಕೇಳುವುದು ಅತಿಯಾಸೆಯಲ್ಲ.

ಕೊನೆಯದಾಗಿ ಮೇಲುಕೋಟೆಯನ್ನು ನೆನೆಯಬೇಕು. ಅಲ್ಲಿಯ ಚೆಲುವನಾರಾಯಣಸ್ವಾಮಿಗೆ ಮೂರು ಮುಡಿಗಳಿವೆ. ಮೈಸೂರಿನ ರಾಜ ಒಡೆಯರು ಕೊಟ್ಟದ್ದು ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು ಕೃಷ್ಣರಾಜಮುಡಿ. ವೈರಮುಡಿಗೆ ಮಾತ್ರ ದಾನಿಯಾದ ಅರಸನ ಹೆಸರಿಲ್ಲ; ಗರುಡನು ತಂದನೆಂಬ ಐತಿಹ್ಯವಿದೆ. ಕನ್ನಡಿಗರು ಕಿರೀಟವೆನ್ನದೆ ಮುಡಿ ಎಂದದ್ದನ್ನು ಗಮನಿಸಿರಿ. ಹೂ ಮುಡಿಯುವ ಮಾತೂ ಅದೇ. ವರ್ಷವೆಲ್ಲ ಮಂಡ್ಯದ ಸರಕಾರಿ ಖಜಾನೆಯಲ್ಲಿರುವ ವೈರಮುಡಿಯನ್ನು ಫಾಲ್ಗುಣದಲ್ಲಿ ಪೋಲೀಸರ ಕಾವಲಿನಲ್ಲಿ ಪೆಟ್ಟಿಗೆಯೊಳಗಿಟ್ಟು ತರುತ್ತಾರೆ. ಹಗಲಿನ ಬೆಳಕಿನಲ್ಲಿ ಅದನ್ನು ಯಾರೂ ನೋಡುವಂತಿಲ್ಲ. ರಾತ್ರಿ ಉತ್ಸವಮೂರ್ತಿಯ ತಲೆಯ ಮೇಲೇರಿ ಬೀದಿಗೆ ಬಂದಾಗ ಲಕ್ಷಾಂತರ ಜನ ನೋಡುತ್ತಾರೆ. ಚೀಟಿಯಿಲ್ಲ, ಬೆಲೆಯಿಲ್ಲ. ಮೊದಲಿನಂತೆಯೇ ಅದು ಇಂದಿಗೂ ಒಂದು ತಲೆಯ ಮೇಲಿದೆ. ಪ್ರದರ್ಶನದ ಗಾಜಿನೊಳಗೆ ಇರುವ ಯಾವ ಕಿರೀಟಕ್ಕೂ ಆ ಭಾಗ್ಯವಿಲ್ಲ. ಅರಸರು ತಮಗಾಗಿ ಇಟ್ಟುಕೊಂಡ ಒಡವೆಗಳು ಚದುರಿದವು. ಎಲ್ಲರ ಕಣ್ಣಿಗೆಂದು ಒಪ್ಪಿಸಿದವುಗಳಲ್ಲಿ ಕೆಲವಾದರೂ ಉಳಿದವು. ಇತಿಹಾಸದಿಂದ ನಾನು ಕಲಿತ ಪಾಠ ಇಷ್ಟೇ.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಹರಾಜಿಗೆ ಹೋಗಿ ಕೊಳ್ಳುವ ಶಕ್ತಿ ನಮಗಿಲ್ಲ, ಇರಬೇಕೆಂದೂ ಇಲ್ಲ. ನೋಡುವ ಶಕ್ತಿ ಇದೆ. ಪ್ರದರ್ಶನದಲ್ಲಿ ರಾಜಾಭರಣವನ್ನು ಕಂಡಾಗ ಕ್ಯಾರೆಟ್ಟನ್ನು ಕೇಳುವ ಮೊದಲು ಊರನ್ನು ಕೇಳಿರಿ. ಹಣೆಯ ಒಡವೆಯೋ ಕೊರಳ ಒಡವೆಯೋ, ಕೊಟ್ಟದ್ದೋ ಕಿತ್ತದ್ದೋ, ಇಡಿಯೋ ಬಿಡಿಯೋ ಎಂದು ಕೇಳಿರಿ. ಅದಕ್ಕೂ ಮೊದಲು ನಿಮ್ಮ ಮನೆಯ ಪೆಟ್ಟಿಗೆಯನ್ನು ತೆರೆಯಿರಿ. ಅಜ್ಜಿಯ ಬೋರಮಾಳ, ಟೀಕಿ, ಪುತಳಿಸರ, ಬುಗುಡಿ, ವಂಕಿ, ಪಾಟಲಿ, ಬಿಲವಾರಗಳಲ್ಲಿ ಏನುಳಿದಿದೆ? ಅಕ್ಕಸಾಲಿಗನ ಮೂಸೆಗೆ ಹಾಕುವುದಕ್ಕೆ ಮುಂಚೆ ಅದರ ಹೆಸರು, ಯಾರು ತೊಟ್ಟದ್ದು, ಯಾವ ಮದುವೆಗೆ ಮಾಡಿಸಿದ್ದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಊರ ಗುಡಿಯ ದೇವರ ಒಡವೆಗಳಿಗೆ ತೂಕ ಸಹಿತವಾದ ಯಾದಿಯಿದೆಯೇ ಎಂದು ಪಂಚರನ್ನು ಕೇಳಿರಿ. ಇಲ್ಲದಿದ್ದರೆ ಹತ್ತು ಜನರ ಮುಂದೆ ತೂಗಿಸಿ ಮಾಡಿಸಿರಿ. ತಿರುಮಲೆಯ ಗೋಡೆಯ ಮೇಲೆ ಬರೆಸದೆ ಹೋಗಿದ್ದರೆ ೧೫೧೩ರ ಕಿರೀಟದ ಮಾತು ನಮಗೆ ಇಂದು ತಿಳಿಯುತ್ತಿತ್ತೆ? ತಂಗಡಗಿಯ ದಂಡೆಯಲ್ಲಿ ಕೈಬದಲಾದ ರತ್ನಗಳಿಗೆ ಯಾದಿ ಇರಲಿಲ್ಲ. ಅದಕ್ಕೇ ಅವುಗಳ ಬಗೆಗೆ ನಮಗೆ ಉಳಿದಿರುವುದು ಕೋಳಿಮೊಟ್ಟೆಯ ಉಪಮೆಯೊಂದೇ.